ಬಂಡೆಯ ವಯಸ್ಸು ಯಾರ ಖಾತೆಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ರಾಜ್ಯೋತ್ಸವದ ಸ್ಮರಣ ಸಂಚಿಕೆಯೊಂದಕ್ಕೆ ನಾನು ಒಂದು ಪುಟದ ಲೇಖನ ಬರೆದುಕೊಟ್ಟಿದ್ದೆ. ಅದರ ಮೊದಲ ವಾಕ್ಯವೇ ಹೀಗಿತ್ತು: ‘ಜಗತ್ತಿನ ಅತಿ ಹಳೆಯ ಬಂಡೆ ಇರುವುದು ನಮ್ಮ ಕನ್ನಡ ನಾಡಿನಲ್ಲಿ.’ ಸಭೆಯಲ್ಲಿ ನಿರೂಪಕರು ಅದನ್ನು ಓದಿದಾಗ ಒಳ್ಳೆಯ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ವೃತ್ತಿಯಿಂದ ನಾನು ಲೆಕ್ಕಿಗ. ಬಿ.ಕಾಂ. ಆದಮೇಲೆ ಸಿ.ಎ. ಮುಗಿಸಿ, ಈಗ ಟೊರೆನ್ಸ್‌ನಲ್ಲಿ ಕೂತು ಇನ್ನೊಬ್ಬರ ಲೆಕ್ಕ ನೋಡುವುದು ನನ್ನ ಹೊಟ್ಟೆಪಾಡು. ಇಪ್ಪತ್ತು ಡಾಲರಿನ ಪಾರ್ಕಿಂಗ್ ಖರ್ಚಿಗೂ ರಸೀದಿ ಕೇಳುವ ಮನುಷ್ಯ ನಾನು. ಅಂಥವನು ಇಡೀ ಭೂಮಿಯ ಮೇಲೆ ಹಕ್ಕು ಸಾಧಿಸುವ ವಾಕ್ಯವನ್ನು ಒಂದೇ ಒಂದು ರಸೀದಿಯಿಲ್ಲದೆ ಬರೆದಿದ್ದೆ. ಎಲ್ಲಿಂದ ಬಂತು ಎಂದು ಕೇಳಿದ್ದರೆ ವಾಟ್ಸಾಪಿನಿಂದ ಎನ್ನಬೇಕಾಗುತ್ತಿತ್ತು.

ಕೇಳಿದವರು ಒಬ್ಬರೇ. ನನ್ನ ಬಳಿ ತೆರಿಗೆ ಕೆಲಸಕ್ಕೆ ಬರುವ ಹಿರಿಯರು, ಆಂಧ್ರದ ರಾಯದುರ್ಗದವರು. ತೆಲುಗು ಮನೆಮಾತಾದರೂ ಅಚ್ಚ ಬಳ್ಳಾರಿ ಕನ್ನಡ ಆಡುತ್ತಾರೆ. ಆಫೀಸಿನ ಮೇಜಿನ ಮೇಲಿದ್ದ ಸಂಚಿಕೆಯನ್ನು ತಿರುವಿಹಾಕಿ, ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು: ‘ಏನ್ ಸಾರ್, ನೀವು ಬರೆದಿರೋ ಬಂಡೆ ನಮ್ಮ ರಾಯದುರ್ಗದ ಕಡೆನೂ ಐತಲ್ಲ. ಅದಕ್ಕೆ ನಾವು ನಿಮಗೆ ಬಾಡಿಗೆ ಕೊಡಬೇಕೇನು?’

ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ಓದಲು ಕೂತವನು ಇನ್ನೂ ಎದ್ದಿಲ್ಲ. ಓದಿದಷ್ಟೂ ಗೊತ್ತಾದದ್ದು: ನನ್ನ ವಾಕ್ಯದಲ್ಲಿ ಅಂಕಿ ಮಾತ್ರ ತಪ್ಪಾಗಿರಲಿಲ್ಲ, ಅಂಕಿಯ ಉಪಯೋಗವನ್ನೇ ನಾನು ತಲೆಕೆಳಗು ಮಾಡಿದ್ದೆ. ಮುಂದಿನ ವರ್ಷದ ಸಂಚಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿ ಎಂದು ಕೇಳಿಕೊಂಡೆ. ‘ಬಿಡಿ ಸಾರ್, ಬಂಡೆ ವಯಸ್ಸು ಯಾರು ಚೆಕ್ ಮಾಡ್ತಾರೆ? ಮಕ್ಕಳಿಗೆ ಸ್ವಲ್ಪ ಹೆಮ್ಮೆ ಬರಲಿ’ ಎಂಬ ಉತ್ತರ ಬಂತು. ಆ ಉತ್ತರವನ್ನು ಒಪ್ಪಲಾರದೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಂಕಿಯ ತಪ್ಪು ನೋಡೋಣ. ಹಾಸನ ಜಿಲ್ಲೆಯ ಗೊರೂರಿನ ಸುತ್ತಲಿನ ನೀಸ್ ಶಿಲೆಗೆ ಸುಮಾರು 336 ಕೋಟಿ ವರ್ಷ ಎಂಬ ಲೆಕ್ಕ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡ ವಯಸ್ಸೇ, ಸಂದೇಹವಿಲ್ಲ. ಲಾಲ್‌ಬಾಗಿನ ಬಂಡೆಗೆ 300 ಕೋಟಿ ಎಂದು ಹೇಳುವುದುಂಟು. ಆದರೆ ಕೆನಡಾದ ಅಕಾಸ್ಟಾ ನೀಸ್‌ನ ವಯಸ್ಸು ಸುಮಾರು 400 ಕೋಟಿ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಬಿಡಿ ಹರಳುಗಳಲ್ಲಿ ಅತಿ ಹಳೆಯವಕ್ಕೆ ಸುಮಾರು 440 ಕೋಟಿ. ಜಗತ್ತಿನ ಮಾತು ಹಾಗಿರಲಿ, ಭಾರತದೊಳಗೇ ಒಡಿಶಾದ ಚಂಪುವಾದ ಶಿಲೆಯಲ್ಲಿ 420 ಕೋಟಿ ಮೀರಿದ ಹರಳುಗಳು ಸಿಕ್ಕಿವೆ ಎಂದು 2018ರಲ್ಲಿ ವರದಿಯಾಯಿತು. ಇಷ್ಟು ಸಾಕು, ‘ಅತಿ ಹಳೆಯ’ ಎಂಬ ಪದವನ್ನು ಹೊಡೆದುಹಾಕಲು. ಆದರೆ ಅಲ್ಲಿಗೆ ನಿಲ್ಲಿಸಿದರೆ ನಾವು ಇನ್ನೂ ಓಟದ ಪಂದ್ಯದಲ್ಲೇ ಇದ್ದಂತೆ; ಮೊದಲ ಬಹುಮಾನ ಹೋಯಿತು, ಏಳನೆಯದು ಸಿಕ್ಕೀತೇ ಎಂದು ನೋಡಿದಂತೆ. ನನ್ನ ತಕರಾರು ಪಂದ್ಯದ ಮೇಲೆಯೇ.

ಬಂಡೆಗೆ ವಯಸ್ಸು ಕಟ್ಟುವುದು ಹೇಗೆ? ಗ್ರಾನೈಟಿನಂಥ ಶಿಲೆಯನ್ನು ಕೆಲವು ಕಿಲೋ ತೆಗೆದುಕೊಂಡು ಪುಡಿಮಾಡುತ್ತಾರೆ. ಪುಡಿಯಿಂದ ಜಿರ್ಕಾನ್ ಎಂಬ ಖನಿಜದ ಹರಳುಗಳನ್ನು ಹೆಕ್ಕುತ್ತಾರೆ. ಒಂದೊಂದೂ ಸಣ್ಣ ರವೆಯ ಕಾಳಿಗಿಂತ ಚಿಕ್ಕದು. ಕರಗಿದ ಶಿಲೆ ತಣಿಯುವಾಗ ಹುಟ್ಟುವ ಈ ಹರಳಿಗೆ ಒಂದು ಗುಣವಿದೆ: ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹೊರಗೇ ಇಡುತ್ತದೆ. ಹಾಗಾಗಿ ಆಮೇಲೆ ಅದರೊಳಗೆ ಕಂಡ ಸೀಸವೆಲ್ಲ ಯುರೇನಿಯಂ ಸವೆದು ಆದದ್ದು. ಅದರಲ್ಲೂ ಗಡಿಯಾರ ಎರಡು. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ವರ್ಷ. ಎರಡೂ ಬೇರೆ ಬೇರೆ ಬಗೆಯ ಸೀಸವಾಗುತ್ತವೆ. ಎರಡು ಗಡಿಯಾರವೂ ಒಂದೇ ಹೊತ್ತು ತೋರಿಸಿದರೆ ವಯಸ್ಸು ನಂಬಬಹುದು. ತೋರಿಸದಿದ್ದರೆ ನಡುವೆ ಎಲ್ಲೋ ಸೀಸ ಸೋರಿದೆ ಎಂದು ಅರ್ಥ. ಜಮಾ-ಖರ್ಚನ್ನು ಎರಡು ಕಡೆ ಬರೆದು ತಾಳೆ ನೋಡುವ ನಮ್ಮ ಪದ್ಧತಿಗೆ ಇಷ್ಟು ಹತ್ತಿರದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲೇ ಮೊದಲ ಪಾಠವಿದೆ. ವಯಸ್ಸು ಹರಳಿನದು, ಊರಿನದಲ್ಲ. ಒಂದೇ ಹರಳಿನ ನಡುಭಾಗ 330 ಕೋಟಿ ಹೇಳಿ, ಅಂಚು 250 ಕೋಟಿ ಹೇಳಬಹುದು. ನಡುಭಾಗ ಹಿಂದಿನ ಶಿಲೆಯಿಂದ ಬಂದ ಆರಂಭಿಕ ಶಿಲ್ಕು. ಅಂಚು ಆಮೇಲೆ ಕಾವಿಗೆ ಸಿಕ್ಕು ಬೆಳೆದದ್ದು. ಅದಕ್ಕೇ ಹರಳನ್ನು ಕೊಯ್ದು ಪಾಲಿಶ್ ಮಾಡಿ, ಒಳಗಿನ ಪದರಗಳ ಚಿತ್ರ ತೆಗೆದು, ಯಾವ ಪದರಕ್ಕೆ ಲೇಸರ್ ಇಲ್ಲವೇ ಅಯಾನು ಕಿರಣ ಬಿಡಬೇಕೆಂದು ನೋಡುತ್ತಾರೆ. ಆ ಗುರಿಯ ಅಗಲ ಕೂದಲಿಗಿಂತ ಕಡಿಮೆ. ‘ಈ ಬಂಡೆಗೆ ಎಷ್ಟು ವಯಸ್ಸು’ ಎಂದು ಕೇಳಿದರೆ ‘ಯಾವ ಘಟನೆಗೆ’ ಎಂದು ಅವರು ತಿರುಗಿ ಕೇಳುತ್ತಾರೆ. ನಾವು ವೇದಿಕೆಯ ಮೇಲೆ ಆ ಪ್ರಶ್ನೆಯನ್ನು ನುಂಗಿಹಾಕಿ ದೊಡ್ಡ ಅಂಕಿಯನ್ನಷ್ಟೇ ಉಗುಳುತ್ತೇವೆ.

ಹಾಗಾದರೆ ಇಷ್ಟು ಕಷ್ಟಪಟ್ಟು ವಯಸ್ಸು ಕಟ್ಟುವುದು ಯಾತಕ್ಕೆ? ಮುಖ್ಯವಾಗಿ ಎರಡಕ್ಕೆ. ಒಂದು, ಯಾವುದು ಮೊದಲು ಯಾವುದು ಆಮೇಲೆ ಎಂದು ಗೊತ್ತುಮಾಡಲು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂವಿಜ್ಞಾನ ಇಲಾಖೆ ಶುರುವಾಯಿತು. ಅದರ ಮುಖ್ಯಸ್ಥರಾಗಿದ್ದ ಸ್ಮೀತ್ ನಮ್ಮ ತಳಪಾಯದ ಶಿಲೆಗೆ ‘ಪೆನಿನ್ಸುಲಾರ್ ನೀಸ್’ ಎಂದು ಹೆಸರಿಟ್ಟರು. ಧಾರವಾಡದ ಪದರುಶಿಲೆಗಳೇ ಹಳೆಯವು, ನೀಸ್ ಆಮೇಲೆ ಅವುಗಳೊಳಗೆ ನುಗ್ಗಿ ಬಂದದ್ದು ಎಂಬುದು ಅವರ ಎಣಿಕೆ. ಬರಿಗಣ್ಣಿಗೆ ಹಾಗೆ ಕಾಣುವ ಜಾಗಗಳೂ ಇವೆ. ಆದರೆ ಬಾಬಾಬುಡನ್ ಬೆಟ್ಟದಲ್ಲಿ ಧಾರವಾಡದ ಪದರುಗಳು ಹಳೆಯ ನೀಸ್‌ನ ಸವೆದ ಮೈಮೇಲೆ ಕೂತಿವೆ. ವಯಸ್ಸುಗಳು ಬಂದಮೇಲೆ, ನೀಸ್‌ನ ಬಹುಪಾಲು ಕೆಳಗಿನ ನೆಲವೆಂದೂ ಧಾರವಾಡದ ಪದರುಗಳು ಅದರ ಮೇಲೆ ಆಮೇಲೆ ಸಂಗ್ರಹವಾದವೆಂದೂ ಖಚಿತವಾಯಿತು. ದಶಕಗಳ ಕಾಲದ ಪುಸ್ತಕದಲ್ಲಿ ಆರಂಭಿಕ ಶಿಲ್ಕು ಮತ್ತು ಅಂತಿಮ ಶಿಲ್ಕು ಅದಲುಬದಲಾಗಿದ್ದವು, ಸರಿಹೋದವು.

ಎರಡನೆಯದೇ ನನ್ನ ವಿಷಯ: ನೆರೆಹೊರೆಯ ನೆಲಗಳ ಸಂಬಂಧ ಪತ್ತೆಮಾಡುವುದು. ಇಲ್ಲಿ ನಮ್ಮ ಹೆಮ್ಮೆಯ ನಕ್ಷೆ ಹರಿದುಹೋಗುತ್ತದೆ. ಧಾರವಾಡ ಕ್ರೇಟಾನ್ ಎಂಬ ಪ್ರಾಚೀನ ನೆಲಗಟ್ಟನ್ನು ಪಶ್ಚಿಮ, ಪೂರ್ವ ಎಂದು ಎರಡು ಪಾಲು ಮಾಡುತ್ತಾರೆ. ಈಚೆಗೆ ನಡುವಿನದೊಂದನ್ನು ಸೇರಿಸಿ ಮೂರು ಎನ್ನುವವರೂ ಇದ್ದಾರೆ. ಪಶ್ಚಿಮದ ನೀಸ್ ಬಹುಪಾಲು 340ರಿಂದ 300 ಕೋಟಿ ವರ್ಷದ್ದು. ಪೂರ್ವದ ಗ್ರಾನೈಟುಗಳು ಬಹುಪಾಲು 270ರಿಂದ 250 ಕೋಟಿಯವು. ಪಶ್ಚಿಮವನ್ನು ಬೇರ್ಪಡಿಸುವ ಗೆರೆಯನ್ನು ಸಾಮಾನ್ಯವಾಗಿ ಎಳೆಯುವುದು ಚಿತ್ರದುರ್ಗದ ಪದರುಶಿಲೆಯ ಪಟ್ಟಿಯ ಪೂರ್ವದ ಅಂಚಿನಲ್ಲಿ, ಎಂದರೆ ಕರ್ನಾಟಕದ ಎದೆಯ ಮೇಲೆಯೇ. ಕೋಲಾರದ ಕಡೆಯ ನೆಲದ ಒಡನಾಟ ಹಾಸನ, ಶಿವಮೊಗ್ಗಕ್ಕಿಂತ ಆಂಧ್ರ, ತೆಲಂಗಾಣ, ಕೃಷ್ಣಗಿರಿಯ ಜೊತೆ ಹೆಚ್ಚು.

ನನ್ನ ರಾಯದುರ್ಗದ ಹಿರಿಯರು ಹೇಳಿದ್ದೂ ಇದನ್ನೇ. ರಾಮನಗರದ ಹಳೆಯ ಹೆಸರಿನಿಂದ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಶಿಲೆ ಸುಮಾರು 251 ಕೋಟಿ ವರ್ಷದ್ದು. ದಕ್ಷಿಣದಿಂದ ಉತ್ತರಕ್ಕೆ 400 ಕಿಲೋಮೀಟರಿನಷ್ಟು ಉದ್ದಕ್ಕೆ, ಕೆಲವೇ ಹತ್ತಾರು ಕಿಲೋಮೀಟರ್ ಅಗಲಕ್ಕೆ ಚಾಚಿಕೊಂಡಿದೆ. ರಾಮನಗರದ ಬೆಟ್ಟಗಳಿಂದ ಹೊರಟು, ಪಾವಗಡದ ಕಡೆಯಿಂದ ಆಂಧ್ರದೊಳಕ್ಕೆ ಹೊಕ್ಕು, ಮತ್ತೆ ಹಂಪಿಯ ಕಡೆ ಕರ್ನಾಟಕಕ್ಕೆ ಬರುತ್ತದೆ. ಎರಡು ಸಲ ರಾಜ್ಯದ ಗಡಿ ದಾಟುವ ಈ ಶಿಲೆಗೆ ಯಾವ ಚೆಕ್‌ಪೋಸ್ಟೂ ಇಲ್ಲ. ನಮ್ಮದು ಎನ್ನುವುದಾದರೆ ನಡುವಿನ ತುಂಡನ್ನು ಏನು ಮಾಡೋಣ?

ಕೋಲಾರದ ಕತೆ ಇನ್ನೂ ಚೆನ್ನಾಗಿದೆ. ಚಿನ್ನದ ಗಣಿಯಿದ್ದ ಆ ಪದರುಶಿಲೆಯ ಪಟ್ಟಿ ಕೆಲವೇ ಕಿಲೋಮೀಟರ್ ಅಗಲದ್ದು. ಅದರ ಪೂರ್ವಕ್ಕೂ ಪಶ್ಚಿಮಕ್ಕೂ ಇರುವ ನೀಸ್‌ಗಳ ಜಿರ್ಕಾನ್ ಮತ್ತು ಸೀಸದ ಲೆಕ್ಕ ನೋಡಿದವರು, ಎರಡೂ ಬೇರೆ ಬೇರೆ ಕಡೆ ಹುಟ್ಟಿ ಬೆಳೆದು ಕೊನೆಗೆ ಇಲ್ಲಿ ಬಂದು ಕೂಡಿಕೊಂಡ ನೆಲಗಳು ಎಂದು 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಾದಿಸಿದರು. ಒಂದೇ ಜಿಲ್ಲೆ, ಒಂದೇ ಸೈಕಲ್ ಸವಾರಿಯ ದೂರ, ಆದರೂ ಆ ಕಡೆ ಈ ಕಡೆಯ ನೆಲಕ್ಕೆ ಹುಟ್ಟಿನ ಸಂಬಂಧವಿಲ್ಲ.

ಈಗ ಇದರ ವಿರುದ್ಧದ ಉದಾಹರಣೆಗೆ ನನ್ನ ಊರಿಗೇ ಬರುತ್ತೇನೆ. ನಾನು ಕುಮಟಾದ ಕಡೆಯವನು. ಚಿರೇಕಲ್ಲಿನ ಮನೆ, ಚಿರೇಕಲ್ಲಿನ ಬಾವಿ, ಅದರ ಕೆಳಗೆ ಏನಿದೆ ಎಂದು ನಾವ್ಯಾರೂ ಕೇಳಿದವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಸೇರಿದ ತಂಡವೊಂದು 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಅಲ್ಲಿನ ಒಂದು ವಲಯಕ್ಕೆ ‘ಕುಮಟಾ ಹೊಲಿಗೆ’ ಎಂಬರ್ಥದ ಹೆಸರು ಕೊಟ್ಟಿದೆ. ಎರಡು ಹಳೆಯ ನೆಲಗಳು ಡಿಕ್ಕಿಹೊಡೆದು ಹೊಲಿದುಕೊಂಡ ಜಾಗ ಅದು ಎಂಬುದು ಅವರ ವಾದ. ಹೊಲಿಗೆಯ ಪಶ್ಚಿಮಕ್ಕೆ, ಕಾರವಾರದ ಕಡೆಗೆ, ಸುಮಾರು 320 ಕೋಟಿ ವರ್ಷದ ತಳಪಾಯದ ಶಿಲೆ. ಅದರ ಜೊತೆ ತಾಳೆಯಾಗುವುದು ಹಿಂದೂ ಮಹಾಸಾಗರದ ಆಚೆ, ಮಡಗಾಸ್ಕರದ ಈಶಾನ್ಯ ಕರಾವಳಿಯ ಆಂಟೊಂಜಿಲ್ ಪ್ರಾಂತದ ನೀಸ್! ಅದರ ವಯಸ್ಸೂ 310ರಿಂದ 330 ಕೋಟಿಯ ನಡುವಿನದು. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರವೂ ಭಾರತವೂ ಬೇರೆಯಾದವು. ಆ ಕಾಲದ ಲಾವಾದ ಗುರುತು ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಲ್ಲಿ ಉಳಿದಿದೆ. ಆ ಕಡೆಯ ಹಳೆಯ ನೀಸ್‌ಗೆ ಹೆಸರು ಕೊಟ್ಟದ್ದು ನೋಸಿ ಬೊರಾಹಾ ಎಂಬ ದ್ವೀಪ. ಫ್ರೆಂಚರು ಅದನ್ನು ಕರೆದದ್ದು ಸೇಂಟ್ ಮೇರಿ ಎಂದೇ. ಹೆಸರಿನ ಸಾಮ್ಯ ಬರೀ ಆಕಸ್ಮಿಕ. ಕರಾವಳಿಗಳ ಸಾಮ್ಯ ಆಕಸ್ಮಿಕವಲ್ಲ.

ಇಲ್ಲಿ ಲೆಕ್ಕಿಗನಾಗಿ ಒಂದು ಎಚ್ಚರಿಕೆ ಹೇಳಲೇಬೇಕು. ಎರಡು ಪುಸ್ತಕಗಳಲ್ಲಿ ಒಂದೇ ಮೊತ್ತ ಕಂಡಿತು ಎಂದಮಾತ್ರಕ್ಕೆ ಅದು ಒಂದೇ ವ್ಯವಹಾರವಾಗುವುದಿಲ್ಲ. ನಿಮ್ಮ ಖಾತೆಯಲ್ಲಿ ಐನೂರು ಡಾಲರ್ ಹೋಗಿದೆ, ಪಕ್ಕದವರ ಖಾತೆಗೆ ಐನೂರು ಬಂದಿದೆ ಎಂದು ಅದು ನಿಮ್ಮದೇ ಹಣ ಎನ್ನಲಾದೀತೇ? 250 ಕೋಟಿ ವರ್ಷದ ಗ್ರಾನೈಟ್ ಉತ್ತರ ಚೀನಾದಲ್ಲೂ ಬೇಕಾದಷ್ಟಿದೆ. ಆದ್ದರಿಂದ ಒಂದೇ ವಯಸ್ಸು ಸಾಲದು. ವಯಸ್ಸುಗಳ ಸಾಲು ಬೇಕು. ಯಾವಾಗ ಹುಟ್ಟಿತು, ಯಾವಾಗ ಕಾಯಿತು, ಯಾವಾಗ ಬಿರುಕುಬಿಟ್ಟು ಅದರೊಳಗೆ ಕರಿಶಿಲೆಯ ಗೋಡೆಗಳು ನುಗ್ಗಿದವು — ಬೆಂಗಳೂರಿನ ಸುತ್ತಿನ ಅಂಥ ಗೋಡೆಗಳು ಸುಮಾರು 237 ಕೋಟಿ ವರ್ಷದವು — ಇವೆಲ್ಲ ಎರಡೂ ಕಡೆ ತಾಳೆಯಾಗಬೇಕು. ಹರಳಿನೊಳಗಿನ ಹಾಫ್ನಿಯಂ ನೋಡಿ, ಆ ಶಿಲೆಯ ಮೂಲವಸ್ತು ಭೂಮಿಯ ಒಡಲಿನಿಂದ ಮೊದಲು ಮೇಲೆ ಬಂದದ್ದು ಯಾವಾಗ ಎಂದೂ ಲೆಕ್ಕ ಹಾಕುತ್ತಾರೆ. ಇಷ್ಟೆಲ್ಲ ಮಾಡಿದರೂ ಜಗಳ ಮುಗಿಯುವುದಿಲ್ಲ. ಮಡಗಾಸ್ಕರದ ಪೂರ್ವದಲ್ಲಿ ಒಂದು ಹಳೆಯ ಸಮುದ್ರ ಮುಚ್ಚಿಹೋದ ಹೊಲಿಗೆಯಿದೆ, ಅದರ ಪಶ್ಚಿಮದ ನೆಲ ಬೇರೆ, ಪೂರ್ವದ್ದು ಮಾತ್ರ ಧಾರವಾಡದ ತುಂಡು ಎಂದು ಕಾಲಿನ್ಸ್ ಮತ್ತು ವಿಂಡ್ಲಿ 2002ರಲ್ಲಿ ಬರೆದರು. ಅಂಥ ಸಮುದ್ರವೇ ಅಲ್ಲಿರಲಿಲ್ಲ, 250 ಕೋಟಿ ವರ್ಷದಿಂದಲೂ ಅದೆಲ್ಲ ಒಂದೇ ದೊಡ್ಡ ಧಾರವಾಡ ಎಂದು ಟಕ್ಕರ್ ಮತ್ತು ಸಂಗಡಿಗರು 2011ರಲ್ಲಿ ವಾದಿಸಿದರು. ಕುಮಟಾದ ಹೊಲಿಗೆ ಈ ವ್ಯಾಜ್ಯದಲ್ಲಿ ಒಂದು ಸಾಕ್ಷಿ. ವಿಜ್ಞಾನಿಗಳು ಹತ್ತು ಬಗೆಯ ಪುರಾವೆ ಇಟ್ಟುಕೊಂಡು ಇಷ್ಟು ತಡವರಿಸುವಲ್ಲಿ ನಾವು ಮೈಕಿನ ಮುಂದೆ ಒಂದಿಷ್ಟೂ ತಡವರಿಸುವುದಿಲ್ಲ.

ಇದು ನಮ್ಮ ನಾಡಿಗಷ್ಟೇ ಸಂಬಂಧಿಸಿದ ವಿದ್ಯೆಯೂ ಅಲ್ಲ. ಚಳಿಗಾಲದಲ್ಲಿ ಮಳೆ ಬಿದ್ದ ಮರುದಿನ ಟೊರೆನ್ಸ್‌ನಿಂದ ನೋಡಿದರೆ ಸ್ಯಾನ್ ಗೇಬ್ರಿಯಲ್ ಬೆಟ್ಟಗಳು ಹಿಮ ಹೊತ್ತು ಸ್ಪಷ್ಟವಾಗಿ ಕಾಣುತ್ತವೆ. ಅವುಗಳ ಬುಡದ ಪ್ಯಾಸಡೀನಾದ ಕ್ಯಾಲ್‌ಟೆಕ್‌ನಲ್ಲೇ ಕ್ಲೇರ್ ಪ್ಯಾಟರ್‌ಸನ್ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಯ ವಯಸ್ಸು 455 ಕೋಟಿ ಎಂದು 1956ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಲಿಯಾನ್ ಸಿಲ್ವರ್ ಈ ಬೆಟ್ಟಗಳ ಅನಾರ್ಥೊಸೈಟ್ ಶಿಲೆಗೆ ಜಿರ್ಕಾನ್ ಮೂಲಕ ಸುಮಾರು 120 ಕೋಟಿ ವರ್ಷ ಎಂದು ಲೆಕ್ಕ ಕಟ್ಟಿದರು. ಇಲ್ಲಿನ ಶಿಲೆಗಳ ಜೋಡಿ ಸಿಗುವುದು ಸ್ಯಾನ್ ಆಂಡ್ರಿಯಾಸ್ ಬಿರುಕಿನ ಆಚೆ, ಆಗ್ನೇಯಕ್ಕೆ ಇನ್ನೂರು ಕಿಲೋಮೀಟರಿಗೂ ದೂರದ ಒರೊಕೋಪಿಯಾ ಬೆಟ್ಟಗಳಲ್ಲಿ. ಜಾನ್ ಕ್ರೋವೆಲ್ ಈ ಹೋಲಿಕೆಯನ್ನು ಹಿಡಿದೇ ಬಿರುಕು ಎಷ್ಟು ದೂರ ಜಾರಿದೆ ಎಂದು 1962ರಲ್ಲಿ ತೋರಿಸಿದರು. ಹಳೆಯ ಶಿಲೆಯ ಹೋಲಿಕೆ ಇಲ್ಲಿ ಭೂಕಂಪದ ವಿದ್ಯೆಗೆ ನೇರವಾಗಿ ಬರುತ್ತದೆ. ನಾನು ಮನೆಗೆ ಕಟ್ಟುವ ವಿಮೆಯ ಹಿಂದೆ ಆ ಲೆಕ್ಕದ ಒಂದು ಎಳೆ ಇದೆ. ‘ನಮ್ಮ ಬೆಟ್ಟ ಹಳೆಯದು’ ಎಂದು ಇಲ್ಲಿ ಯಾರೂ ಮೆರವಣಿಗೆ ತೆಗೆದದ್ದನ್ನು ನಾನು ಕಂಡಿಲ್ಲ.

‘ಆಯಿತಪ್ಪ, ಆದರೆ ಸ್ವಲ್ಪ ಹೆಮ್ಮೆಪಟ್ಟರೆ ಏನು ನಷ್ಟ?’ ಎಂದು ಕೇಳುವವರಿಗೆ ಮೂರು ನಷ್ಟ ತೋರಿಸುತ್ತೇನೆ.

ಮೊದಲನೆಯದು, ನೆಲದ ವಯಸ್ಸನ್ನು ಭಾಷೆಯ ಖಾತೆಗೆ ಹಾಕುವ ಕೆಟ್ಟ ಅಭ್ಯಾಸ. ಮಡಗಾಸ್ಕರವನ್ನೇ ನೋಡಿ. ಅಲ್ಲಿನ ನೆಲದ ಒಂದು ಅಂಚು ನಮ್ಮ ಕಾರವಾರದ ಸೋದರ. ಆದರೆ ಅಲ್ಲಿನವರ ಮಲಗಾಸಿ ಭಾಷೆಯ ಹತ್ತಿರದ ನೆಂಟರು ಇರುವುದು ಇಂಡೊನೇಷ್ಯಾದ ಬೋರ್ನಿಯೋದಲ್ಲಿ. ಸಾವಿರಾರು ಮೈಲಿ ಸಮುದ್ರ ದಾಟಿ ಬಂದ ಜನ ಅವರು. ನೆಲದ ಪುಸ್ತಕವೇ ಬೇರೆ, ಮಾತಿನ ಪುಸ್ತಕವೇ ಬೇರೆ. ಕನ್ನಡಕ್ಕೆ ಹೆಮ್ಮೆಪಡಲು ಹಲ್ಮಿಡಿ ಶಾಸನವಿದೆ, ಕ್ರಿ.ಶ. 450ರ ಸುಮಾರಿನದು. ಅಲ್ಲಿಯೂ ಹೆಮ್ಮೆ ಬರಬೇಕಾದದ್ದು ಕಲ್ಲಿನ ವಯಸ್ಸಿಗಲ್ಲ, ಅದರ ಮೇಲೆ ಮನುಷ್ಯನೊಬ್ಬ ಉಳಿ ಹಿಡಿದು ಕೊರೆದ ಅಕ್ಷರಕ್ಕೆ. 330 ಕೋಟಿ ವರ್ಷದ ಹಿಂದೆ ಕನ್ನಡವಿರಲಿ, ಎಲೆಯಿರುವ ಒಂದು ಗಿಡವೂ ಇರಲಿಲ್ಲ. ಅದನ್ನು ನಮ್ಮ ಹಿರಿಮೆಯ ಪಟ್ಟಿಗೆ ಸೇರಿಸುವುದು ಅಜ್ಜ ಹುಟ್ಟುವ ಮೊದಲಿನ ಆಸ್ತಿಗೆ ಮೊಮ್ಮಗ ಪಹಣಿ ಕೇಳಿದ ಹಾಗೆ.

ಎರಡನೆಯದು, ನೆರೆಯವರನ್ನು ಕಳೆದುಕೊಳ್ಳುವುದು. ಬೆಳಗಾವಿ, ಕಾಸರಗೋಡು, ರಾಯದುರ್ಗ ಎಂದೊಡನೆ ನಮಗೆ ಗಡಿಯ ಗಾಯವೇ ನೆನಪಾಗುತ್ತದೆ. ಗಡಿಯಾಚೆಯ ಕನ್ನಡಿಗರ ಹಕ್ಕಿನ ಮಾತು ನ್ಯಾಯವಾದದ್ದೇ. ಅದು ಜನರ ಮಾತು, ಶಾಲೆಯ ಮಾತು. ಆದರೆ ಆ ವಾದಕ್ಕೆ ಬಂಡೆಯನ್ನು ಸಾಕ್ಷಿ ಕರೆದರೆ ಅದು ಎದುರು ಪಕ್ಷದವರಿಗೂ ಅಷ್ಟೇ ಸಲೀಸಾಗಿ ಸಾಕ್ಷಿ ನುಡಿಯುತ್ತದೆ. ನನ್ನ ರಾಯದುರ್ಗದ ಹಿರಿಯರು ತಮಾಷೆಗೆ ಬಾಡಿಗೆ ಕೇಳಿದರು. ತಮಾಷೆಯಿಲ್ಲದೆ ಕೇಳುವವರೂ ಇದ್ದಾರೆ.

ಮೂರನೆಯ ನಷ್ಟ ನನ್ನ ಕಸುಬಿಗೆ ತಾಗಿದ್ದು. ಟೊರೆನ್ಸ್‌ನಿಂದ ಸ್ಯಾನ್ ಪೆಡ್ರೊ ಬಂದರು ಹತ್ತಿರ. ಅಲ್ಲಿ ಇಳಿಯುವ ಕಲ್ಲುಹಾಸುಗಳನ್ನು ಮಾರುವ ವರ್ತಕರೊಬ್ಬರ ಲೆಕ್ಕ ನಾನು ನೋಡುತ್ತಿದ್ದೆ. ಚದರ ಅಡಿಗೆ ಎಷ್ಟು, ಒಡೆದದ್ದೆಷ್ಟು, ಸುಂಕವೆಷ್ಟು ಎಲ್ಲಕ್ಕೂ ಕಾಲಂ ಇತ್ತು. ಎಲ್ಲಿನದು ಎಂಬ ಕಾಲಂನಲ್ಲಿ ಒಂದೇ ಪದ: ಭಾರತ. ಹೆಸರುಗಳೋ, ಮಾರುಕಟ್ಟೆಯ ನಾಮಕರಣ. ಚಾಮರಾಜನಗರದ ಕರಿಕಲ್ಲು ಗ್ರಾನೈಟೇ ಅಲ್ಲ, ಡಾಲರೈಟ್ ಎಂಬ ಕರಿಶಿಲೆಯ ಗೋಡೆ. ಆಂಧ್ರದ ಚೀಮಕುರ್ತಿಯ ‘ಬ್ಲ್ಯಾಕ್ ಗ್ಯಾಲಕ್ಸಿ’ ಕೂಡ ಗ್ರಾನೈಟಲ್ಲ. ಅಂಗಡಿಯಲ್ಲಿ ಎಲ್ಲವೂ ಗ್ರಾನೈಟ್. ಇಳಕಲ್ಲಿನ ಕೆಂಪುಕಲ್ಲು ನಮ್ಮವರ ಮನೆಯ ಅಡುಗೆಕಟ್ಟೆಯ ಮೇಲಿದ್ದರೂ ಅದು ಇಳಕಲ್ಲಿನದೆಂದು ಹೇಳುವ ಒಂದು ಚೀಟಿಯೂ ಇರುವುದಿಲ್ಲ. ನಾವು ಅದರ ಮೇಲೆ ಚಪಾತಿ ಲಟ್ಟಿಸುತ್ತ, ಬಂಡೆಯ ಹೆಮ್ಮೆಯ ಫಾರ್ವರ್ಡ್ ಓದುತ್ತೇವೆ.

ತಪ್ಪು ತಿಳಿಯಬೇಡಿ, ನಾನು ಕಲ್ಲುಗಣಿಯ ವೈರಿಯಲ್ಲ. ಆ ವರ್ತಕರ ಫೀಸಿನಿಂದ ನನ್ನ ಮನೆಯ ಕಂತು ಕಟ್ಟಿದ್ದೇನೆ. ಮೇಲಾಗಿ ಹೊಸದಾಗಿ ಒಡೆದ ಗಣಿಯ ಗೋಡೆಯೇ ಭೂವಿಜ್ಞಾನಿಗೆ ಒಳ್ಳೆಯ ಜಾಗ. ಮಳೆಬಿಸಿಲಿಗೆ ಸವೆಯದ ತಾಜಾ ಶಿಲೆ ಅಲ್ಲೇ ಸಿಗುವುದು. ಗ್ರಾನೈಟ್ ನೀಸ್‌ನೊಳಗೆ ನುಗ್ಗಿದ ಸಂಧಿ, ಒಂದನ್ನೊಂದು ಕತ್ತರಿಸುವ ಗೆರೆಗಳು ಅಲ್ಲೇ ಚೊಕ್ಕವಾಗಿ ಕಾಣುವುದು. ಆದರೆ ಕಲ್ಲು ಮುಗಿದಮೇಲೆ ಗಣಿಗೆ ನೀರು ತುಂಬುತ್ತದೆ, ಇಲ್ಲವೇ ಊರಿನ ಕಸ ತುಂಬುತ್ತದೆ. ಆ ಸಂಧಿ ಮತ್ತೆ ಸಿಗುವುದಿಲ್ಲ. ಎಲ್ಲಿಂದ ತಂದದ್ದು ಎಂದು ಗೊತ್ತಿಲ್ಲದ ಕಲ್ಲಿಗೆ ಎಷ್ಟೇ ನಿಖರವಾಗಿ ವಯಸ್ಸು ಕಟ್ಟಿದರೂ ಅದು ಯಾವ ನೆರೆಯ ಜೊತೆಗೂ ತಾಳೆಯಾಗದ ಅನಾಥ ಅಂಕಿ. ವೋಚರ್ ಸುಟ್ಟುಹಾಕಿ ಮೊತ್ತವನ್ನು ಮಾತ್ರ ಗೋಡೆಯ ಮೇಲೆ ಬರೆದರೆ ಅದನ್ನು ಲೆಕ್ಕ ಎನ್ನುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಗಣಿ ಗುತ್ತಿಗೆಯ ನಕ್ಷೆಯಲ್ಲಿ ಜಾಗದ ಅಕ್ಷಾಂಶ, ರೇಖಾಂಶ ಹೇಗೂ ಇರುತ್ತದೆ. ಅದು ಬಿಲ್ಲಿನ ಜೊತೆ ಬಂದರಿನವರೆಗೆ, ಬಂದರಿನಿಂದ ಅಂಗಡಿಯವರೆಗೆ ಬರಬಾರದೇಕೆ? ಒಂದು ಸಾಲು ಹೆಚ್ಚು ಅಚ್ಚು ಹಾಕುವ ಖರ್ಚು. ಪ್ರತಿ ಗಣಿಯಿಂದ ಇಟ್ಟಿಗೆಯಷ್ಟು ದೊಡ್ಡ ಒಂದು ತುಂಡನ್ನು ಜಾಗದ ಚೀಟಿಯೊಂದಿಗೆ ಹತ್ತಿರದ ಕಾಲೇಜಿನಲ್ಲೋ ಸರಕಾರಿ ಸಂಗ್ರಹದಲ್ಲೋ ಇಡಬೇಕೆಂದು ಗುತ್ತಿಗೆಯ ಷರತ್ತಿನಲ್ಲೇ ಬರೆಯಬಹುದು. ಕಲ್ಲು ಕೊಳ್ಳುವ ನಾವು ಅಂಗಡಿಯಲ್ಲಿ ‘ಯಾವ ಊರಿನ ಗಣಿ?’ ಎಂದು ಒಂದು ಪ್ರಶ್ನೆ ಕೇಳಬಹುದು. ಗಿರಾಕಿ ಕೇಳಿದ್ದನ್ನು ವರ್ತಕ ಕಲಿಯುತ್ತಾನೆ. ಇದು ನಾನು ಇಪ್ಪತ್ತು ವರ್ಷದಿಂದ ಕಂಡದ್ದು. ನಮ್ಮ ಸಂಘಗಳು ಸ್ಮರಣ ಸಂಚಿಕೆಯಲ್ಲಿ ರಾಜ್ಯದ ನಕ್ಷೆಗೆ ಹಳದಿ-ಕೆಂಪು ಬಣ್ಣ ಬಳಿದು ‘ಅತಿ ಹಳೆಯದು’ ಎಂದು ಬರೆಯುವ ಬದಲು ಧಾರವಾಡ ಕ್ರೇಟಾನಿನ ನಕ್ಷೆ ಹಾಕಲಿ. ಅದರಲ್ಲಿ ಗೋವಾ, ಆಂಧ್ರ, ತೆಲಂಗಾಣ, ತಮಿಳುನಾಡು ಎಲ್ಲವೂ ಇರುತ್ತವೆ, ಪಕ್ಕಕ್ಕೆ ಒಂದಿಷ್ಟು ಮಡಗಾಸ್ಕರವೂ ಇರುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಆ ನಕ್ಷೆ ಹೆಚ್ಚು ಅರ್ಥವಾಗುತ್ತದೆ. ಅವರ ಸ್ನೇಹಿತರು ತೆಲುಗರು, ತಮಿಳರು. ಹೊಲಿಗೆ ಹಾಕಿದ ನೆಲದ ಮೇಲೆ ಬದುಕುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಲೆಕ್ಕದ ಪುಸ್ತಕದಲ್ಲಿ ತಪ್ಪು ನಮೂದನ್ನು ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ತಪ್ಪನ್ನು ಹಾಗೇ ಇಟ್ಟು, ಅದರ ಎದುರು ತಿದ್ದುಪಡಿಯ ನಮೂದು ಹಾಕಬೇಕು. ನನ್ನ ಹಳೆಯ ವಾಕ್ಯ ಆ ಸಂಚಿಕೆಯಲ್ಲಿ ಇದ್ದೇ ಇದೆ, ಎಷ್ಟೋ ಮನೆಗಳ ಕಪಾಟಿನಲ್ಲೂ ಇರಬಹುದು. ಅದರ ಎದುರಿನ ನಮೂದು ಇದು:

ಕರ್ನಾಟಕದ ಬಂಡೆಗಳು ಜಗತ್ತಿನಲ್ಲಿ ಅತಿ ಹಳೆಯವಲ್ಲ. ಹಾಸನದ ಗೊರೂರಿನ ನೀಸ್ ಸುಮಾರು 336 ಕೋಟಿ ವರ್ಷದ್ದು. ರಾಮನಗರದ ಗ್ರಾನೈಟ್ ಸುಮಾರು 251 ಕೋಟಿ ವರ್ಷದ್ದು. ಅದರ ಒಂದು ಪಾಲು ಆಂಧ್ರದಲ್ಲಿದೆ. ಕಾರವಾರದ ತಳಪಾಯಕ್ಕೆ ಮಡಗಾಸ್ಕರದಲ್ಲಿ ನೆಂಟರಿದ್ದಾರೆ ಎಂಬ ವಾದ ನಡೆಯುತ್ತಿದೆ. ರಾಯದುರ್ಗದವರು ಯಾರಿಗೂ ಬಾಡಿಗೆ ಕೊಡಬೇಕಾಗಿಲ್ಲ.